ಔಷಧ ಕೊಡುವ ಕೈ ಯಾರದು?

1858ರ ಅಕ್ಟೋಬರ್ 30, ಶನಿವಾರ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಗ್ರೀನ್ ಮಾರ್ಕೆಟ್‌ನಲ್ಲಿ ವಿಲಿಯಂ ಹಾರ್ಡೇಕರ್ ಎಂಬ ವ್ಯಾಪಾರಿ ಪೆಪ್ಪರ್‌ಮಿಂಟು ಮಾರಿದ. ಬೆಳಗಾಗುವಷ್ಟರಲ್ಲಿ ಮಕ್ಕಳ ಸಾವಿನ ಸುದ್ದಿ ಬರತೊಡಗಿತು. ಜನ ಮೊದಲು ಕಾಲರಾ ಎಂದುಕೊಂಡರು. ಸತ್ತವರು ಸುಮಾರು ಇಪ್ಪತ್ತು ಮಂದಿ, ಕಾಯಿಲೆ ಬಿದ್ದವರು ಇನ್ನೂರಕ್ಕೂ ಹೆಚ್ಚು.

ಆಗ ಸಕ್ಕರೆ ದುಬಾರಿ. ಮಿಠಾಯಿ ಮಾಡುವವರು ಅದಕ್ಕೆ ಪ್ಲಾಸ್ಟರ್ ಪುಡಿಯಂಥ ಅಗ್ಗದ ಬಿಳಿ ಪುಡಿ ಬೆರೆಸುತ್ತಿದ್ದರು. ಅದನ್ನು ತರಲು, ಹಾರ್ಡೇಕರ್‌ಗೆ ಮಿಠಾಯಿ ಮಾಡಿಕೊಡುತ್ತಿದ್ದ ಜೋಸೆಫ್ ನೀಲ್ ಶಿಪ್ಲಿ ಎಂಬ ಊರಿನ ಔಷಧ ಅಂಗಡಿಗೆ ಒಬ್ಬನನ್ನು ಕಳಿಸಿದ್ದ. ಮಾಲೀಕ ಚಾರ್ಲ್ಸ್ ಹಾಡ್ಗ್‌ಸನ್ ಕಾಯಿಲೆಯಿಂದ ಮಲಗಿದ್ದ. ಪುಡಿ ಎಲ್ಲಿದೆ ಎಂದು ಸಹಾಯಕ ಗೊಡಾರ್ಡ್ ಕೇಳಿದಾಗ, ಮೂಲೆಯ ಪೀಪಾಯಿಯಲ್ಲಿದೆ ಎಂಬ ಉತ್ತರ ಸಿಕ್ಕಿತು. ಅವನು ತೂಗಿ ಕೊಟ್ಟದ್ದು 12 ಪೌಂಡ್ ಪಾಷಾಣ. ಎರಡೂ ಪುಡಿಗಳು ಬಿಳಿ. ಪೀಪಾಯಿಯ ಮೇಲೆ ಎದ್ದು ಕಾಣುವ ಚೀಟಿ ಇರಲಿಲ್ಲ. ನೀಲ್, ಹಾಡ್ಗ್‌ಸನ್, ಗೊಡಾರ್ಡ್ ಮೂವರ ಮೇಲೂ ನರಹತ್ಯೆಯ ಆರೋಪ ಬಂತು; ಯಾರಿಗೂ ಶಿಕ್ಷೆಯಾಗಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಪಾಷಾಣ ಕೊಳ್ಳುವವರ ವಿವರ ಬರೆದಿಡಬೇಕು, ಚಿಲ್ಲರೆಯಾಗಿ ಮಾರುವಾಗ ಮಸಿಯನ್ನೋ ನೀಲಿಯನ್ನೋ ಬೆರೆಸಿ ಬಣ್ಣ ಬರಿಸಬೇಕು ಎಂದು 1851ರ ಕಾಯ್ದೆಯೇ ಹೇಳಿತ್ತು. ಆದರೆ ಅದನ್ನು ಮಾರಲು ಯಾರು ಅರ್ಹರು ಎಂಬುದನ್ನು ಅದು ಹೇಳಿರಲಿಲ್ಲ. ದುರಂತಕ್ಕೆ ದಾರಿಯಾದ ಲೋಪಗಳಲ್ಲಿ ಇದೂ ಒಂದು. ಅದನ್ನು ತುಂಬಿದ್ದು 1868ರ ಫಾರ್ಮಸಿ ಕಾಯ್ದೆ. ಪಟ್ಟಿಯಲ್ಲಿದ್ದ ವಿಷಗಳನ್ನು ನೋಂದಾಯಿತರಷ್ಟೇ ಮಾರಬೇಕು, ಪೊಟ್ಟಣದ ಮೇಲೆ ವಸ್ತುವಿನ ಹೆಸರು, ‘ವಿಷ’ ಎಂಬ ಮಾತು, ಮಾರಿದವರ ಹೆಸರು, ವಿಳಾಸ ಇರಬೇಕು ಎಂದು ಅದು ವಿಧಿಸಿತು.

ಭಾರತದಲ್ಲಿ ಇದೇ ಪ್ರಶ್ನೆ ಸರ್ಕಾರದ ಮೇಜಿಗೆ ಬರಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಬೆರಕೆ ಕ್ವಿನೈನ್‌ನ ದೂರು ಹೆಚ್ಚಿದಾಗ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಮಲೆನಾಡಿನಂಥ ಮಲೇರಿಯಾದ ಸೀಮೆಯಲ್ಲಿ ಸತ್ವವಿಲ್ಲದ ಕ್ವಿನೈನ್ ಎಂದರೆ ಪ್ರಾಣದ ಮಾತು. ಔಷಧದ ಗುಣಮಟ್ಟಕ್ಕೆ ಕಾನೂನು, ಪರೀಕ್ಷೆಗೆ ಪ್ರಯೋಗಾಲಯ, ಔಷಧ ಕೊಡುವವರಿಗೆ ತರಬೇತಿ, ಮೂರೂ ಬೇಕೆಂದಿತು ಸಮಿತಿ. ಮಹಾದೇವ ಲಾಲ್ ಶ್ರಾಫ್ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಆರಂಭಿಸಿದರು. ಗುಣಮಟ್ಟದ ಕಾಯ್ದೆ 1940ರಲ್ಲಿ ಬಂತು. ಕೌಂಟರ್ ಹಿಂದೆ ನಿಲ್ಲುವವರ ಬಗೆಗಿನ ಫಾರ್ಮಸಿ ಕಾಯ್ದೆಗೆ 1948ರವರೆಗೆ ಕಾಯಬೇಕಾಯಿತು.

ಅಲ್ಲಿಯವರೆಗೆ, ಎಷ್ಟೋ ಊರುಗಳಲ್ಲಿ ಅದಾದ ಮೇಲೂ, ಈ ಕೆಲಸ ಕಂಪೌಂಡರ್ ಕೈಯಲ್ಲಿತ್ತು. ಡಾಕ್ಟರ ಚೀಟಿ ನೋಡಿ ಮಿಕ್ಸ್‌ಚರ್ ಕಲಸುವುದು, ಸೀಸೆಯ ಪಕ್ಕಕ್ಕೆ ಡೋಸು ತೋರಿಸುವ ಕಾಗದದ ಪಟ್ಟಿ ಅಂಟಿಸುವುದು, ‘ಕುಲುಕಿ ಕುಡಿಯಿರಿ’ ಎಂದು ಹೇಳಿ ಕಳಿಸುವುದು. ಹಲವರು ನೋಡಿ ಕಲಿತವರು, ನಿಷ್ಠೆಯಿಂದ ದುಡಿದವರು. ಅವರನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಅವರ ಕಲಿಕೆಯನ್ನು ಒರೆಗೆ ಹಚ್ಚುವ ವ್ಯವಸ್ಥೆ ಎಲ್ಲ ಕಡೆ ಇರಲಿಲ್ಲ. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು ಶುರುವಾದದ್ದೇ 1964ರಲ್ಲಿ.

ಇಂದಿನ ಮೆಡಿಕಲ್ ಶಾಪಿನಲ್ಲಿ ಪೀಪಾಯಿಯ ಜಾಗಕ್ಕೆ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ ಅಚ್ಚಾದ ಸ್ಟ್ರಿಪ್ಪು ಬಂದಿದೆ. ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಗಳು ಬೀಗದೊಳಗಿರಬೇಕು, ಚೀಟಿಯ ಪ್ರತಿಯನ್ನು ಎರಡು ವರ್ಷ ಕಾಪಿಡಬೇಕು. 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಶೆಡ್ಯೂಲ್ ಎಚ್1, ಹಲವು ಆ್ಯಂಟಿಬಯಾಟಿಕ್‌ಗಳೂ ಕ್ಷಯದ ಔಷಧಗಳೂ ಸೇರಿದಂತೆ 46 ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯ ಮಾಡಿತು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲ ಅದರಲ್ಲಿ ದಾಖಲಾಗಬೇಕು.

ಇಷ್ಟಿದ್ದೂ ಹಳೆಯ ಲೋಪ ಬೇರೆ ವೇಷದಲ್ಲಿ ಉಳಿದಿದೆ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್ ತೂಗುಹಾಕಿ, ಔಷಧವನ್ನು ಮತ್ತೊಬ್ಬರು ಕೊಡುವ ಅಂಗಡಿಗಳಿವೆ. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವ ಈ ಪದ್ಧತಿಯನ್ನು ಸಣ್ಣ ತಪ್ಪೆಂದು ಕಡೆಗಣಿಸುವಂತಿಲ್ಲ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರು ಕೊಡಿಸಬೇಕು ಎನ್ನುತ್ತದೆ ನಿಯಮ. ಅವರು ಎಲ್ಲಿ ಎಂದು ಅಂಗಡಿಯಲ್ಲೇ ವಿಚಾರಿಸುವ ಹಕ್ಕು ಚೀಟಿ ಹಿಡಿದು ಬಂದ ಪ್ರತಿಯೊಬ್ಬರಿಗೂ ಇದೆ.