ಪ್ರಶ್ನೆ ಮೊದಲು, ಚಿತ್ರ ಆಮೇಲೆ: ಇಂಗ್ಲಿಷ್ ತರಗತಿಯಲ್ಲಿ ನೈಜ ಸಂದರ್ಶನಗಳ ವಿಡಿಯೊ

ಕಲಿಯುವವರಿಗಾಗಿ ಹೊಸೆದ ಮಾತನ್ನಲ್ಲ, ಜನ ತಮ್ಮ ತಮ್ಮ ಕೆಲಸಕ್ಕಾಗಿ ಆಡಿದ ಮಾತನ್ನೇ ತರಗತಿಗೆ ತರಬೇಕೆಂಬ ವಾದ ಭಾಷಾಬೋಧನೆಯಲ್ಲಿ ಹೊಸದೇನಲ್ಲ. ಯೂಟ್ಯೂಬ್ ಬಂದ ಮೇಲೆ ಅಂಥ ಸಾಮಗ್ರಿಗೆ ಬರವೂ ಇಲ್ಲ. ಆದರೆ ಸಿಗುವುದು ಬೇರೆ, ಒದಗುವುದು ಬೇರೆ. ಪಠ್ಯ ಅಸಲಿಯಾಗಿರುವುದು ಪಠ್ಯದ ಗುಣ, ಅದು ನೈಜವಾಗುವುದು ಕೇಳುಗ ಅದಕ್ಕೆ ಸ್ಪಂದಿಸುವ ಬಗೆಯಿಂದ ಎಂದು ಹೆನ್ರಿ ವಿಡೋಸನ್ 1978ರಷ್ಟು ಹಿಂದೆಯೇ ವಾದಿಸಿದ್ದರು. ಲಂಡನ್ನಿನ ವೀಕ್ಷಕರಿಗಾಗಿ ನಡೆಸಿದ ಸಂದರ್ಶನವನ್ನು ತುಮಕೂರಿನ ಕಾಲೇಜಿನಲ್ಲಿ ಹಾಕಿ ತೋರಿಸಿದ ಮಾತ್ರಕ್ಕೆ ಅಲ್ಲಿನ ವಿದ್ಯಾರ್ಥಿಗೆ ಅದರಿಂದ ಏನೂ ಆಗಬೇಕಿಲ್ಲ.

ಹಾಗಿದ್ದೂ ಭಾಷಣ, ಸುದ್ದಿವಾಚನ, ಸಿನಿಮಾಗಳಿಗಿಂತ ಸಂದರ್ಶನ ಹೆಚ್ಚು ಉಪಯುಕ್ತವೆಂಬುದು ಈ ಲೇಖನದ ನಿಲುವು. ಕಾರಣ, ಅದರೊಳಗೇ ಇರುವ ಪ್ರಶ್ನೆ. ಪ್ರಶ್ನೆ ಮುಗಿದೊಡನೆ ಮುಂದೆ ಎಂಥ ಮಾತು ಬರಬಹುದೆಂಬ ನಿರೀಕ್ಷೆ ಹುಟ್ಟುತ್ತದೆ. ಹಾರ್ವೆ ಸ್ಯಾಕ್ಸ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಸಂಭಾಷಣೆಯ ಕಟ್ಟಡವನ್ನು ಬಿಡಿಸಿ ನೋಡಿದಾಗ ಇಂಥ ಜೋಡಿಮಾತುಗಳಿಗೆ ಮುಖ್ಯ ಸ್ಥಾನ ಕೊಟ್ಟರು. ಕಲಿಯುವವನಿಗೆ ಈ ನಿರೀಕ್ಷೆಯೇ ಊರುಗೋಲು. ಉತ್ತರದ ಅರ್ಧ ಪದ ತಪ್ಪಿಹೋದರೂ ಅದು ಯಾವುದರ ಉತ್ತರವೆಂಬುದು ಅವನಿಗೆ ಗೊತ್ತಿರುತ್ತದೆ.

ಇದನ್ನು ತರಗತಿಗೆ ಇಳಿಸುವ ದಾರಿಗಾಗಿ ದೂರ ಹೋಗಬೇಕಾಗಿಲ್ಲ. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಿತವಾದ ಪ್ರಯೋಗದ ತಿರುಳು ಇಷ್ಟು: ಗಮನ ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ. ಅಲ್ಲಿ ವಿಡಿಯೊ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಮೇಷ್ಟರ ಮಾತು ಇದ್ದವು. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ತರ್ಕಿಸಿ ಹೇಳುವ ಕೆಲಸಕ್ಕೆ ಪ್ರಭು ಹೆಚ್ಚು ಬೆಲೆ ಕೊಟ್ಟರು. ಸಂದರ್ಶನದಲ್ಲಿ ಪ್ರಶ್ನೆಯ ಬಳಿಕ ವಿಡಿಯೊ ನಿಲ್ಲಿಸಿ, ಉತ್ತರವನ್ನು ಊಹಿಸಿ ಕಾರಣ ಕೊಡಿ ಎನ್ನುವುದು ಅದೇ ಜಾತಿಯ ಕೆಲಸ.

ಒಂದು ತುಣುಕನ್ನು ಹತ್ತಿರದಿಂದ ನೋಡೋಣ. 2017ರ ಮಾರ್ಚ್ 10ರಂದು ದಕ್ಷಿಣ ಕೊರಿಯಾದ ಅಧ್ಯಕ್ಷೆ ಪಾರ್ಕ್ ಗುನ್-ಹೆ ಪದಚ್ಯುತರಾದ ಬಗ್ಗೆ ಪ್ರೊಫೆಸರ್ ರಾಬರ್ಟ್ ಕೆಲಿ ಬೂಸಾನ್‌ನ ತಮ್ಮ ಮನೆಯಿಂದ ಬಿಬಿಸಿಗೆ ಉತ್ತರಿಸುತ್ತಿದ್ದರು. ಹಿಂದಿನ ಬಾಗಿಲು ತೆರೆದು ಮಕ್ಕಳಿಬ್ಬರು ಒಬ್ಬರ ಹಿಂದೊಬ್ಬರು ಒಳಬಂದರು. ಕೋಟ್ಯಂತರ ಜನ ನೋಡಿ ನಕ್ಕ ವಿಡಿಯೊ ಇದು. ಭಾಷಾಶಿಕ್ಷಕನಿಗೆ ಇಲ್ಲಿ ಬೇಕಾದ್ದು ಬೇರೆಯೇ ಇದೆ. ನಿರೂಪಕ ಪ್ರಶ್ನೆ ಶುರುಮಾಡುತ್ತಾನೆ, ನಡುವೆ ಮಗು ಬಂದಿತೆಂದು ಹೇಳುತ್ತಾನೆ, ಮತ್ತೆ ಪ್ರಶ್ನೆಯ ಎಳೆ ಹಿಡಿದು ಉತ್ತರ ಕೊರಿಯಾದ ಮಾತೆತ್ತುತ್ತಾನೆ. ಕೆಲಿ ‘ಪಾರ್ಡನ್ ಮಿ’, ‘ಮೈ ಅಪಾಲಜೀಸ್’, ‘ಸಾರಿ’ ಎಂದು ಬಗೆಬಗೆಯಾಗಿ ಕ್ಷಮೆ ಕೇಳುತ್ತಲೇ ವಿಷಯಕ್ಕೆ ಮರಳುತ್ತಾರೆ. ಕಡಿದ ಮಾತನ್ನು ಮತ್ತೆ ಜೋಡಿಸುವ ಈ ಕೌಶಲ ಸ್ಟುಡಿಯೊದಲ್ಲಿ ನಟರು ಓದಿದ ಪಠ್ಯಪುಸ್ತಕದ ಸಂಭಾಷಣೆಯಲ್ಲಿ ಕಾಣಸಿಗದು. ಅಲ್ಲಿ ಯಾರೂ ಯಾರ ಮಾತನ್ನೂ ತುಂಡರಿಸುವುದಿಲ್ಲ.

ಇದೇ ತುಣುಕು ವಿಡಿಯೊದ ಅಪಾಯವನ್ನೂ ತೋರಿಸುತ್ತದೆ. ಮಕ್ಕಳನ್ನು ಎಳೆದೊಯ್ಯಲು ಓಡಿಬಂದ ಮಹಿಳೆಯನ್ನು ಎಷ್ಟೋ ವೀಕ್ಷಕರು ಆಯಾ ಎಂದುಕೊಂಡರು. ಆಕೆ ಕೆಲಿಯವರ ಪತ್ನಿ. ಆ ತೀರ್ಮಾನಕ್ಕೆ ಒಂದು ಪದದ ಆಧಾರವೂ ಇರಲಿಲ್ಲ. ಕಣ್ಣು ನೋಡಿದ್ದಕ್ಕೆ ಪೂರ್ವಗ್ರಹ ಅರ್ಥ ಹಚ್ಚಿತು. ತರಗತಿಯಲ್ಲೂ ವಿದ್ಯಾರ್ಥಿಗೆ ‘ಅರ್ಥವಾಯಿತು’ ಅನ್ನಿಸುವುದು ಎಷ್ಟೋ ಸಲ ಚಿತ್ರದಿಂದ, ಕಿವಿಯಿಂದಲ್ಲ. ಆದ್ದರಿಂದ ಮೊದಲ ಸಲ ಪರದೆ ಮುಚ್ಚಿ ಧ್ವನಿ ಮಾತ್ರ ಕೇಳಿಸುವುದು ಮೇಲು. ಅಡಿಬರಹದ ವಿಷಯದಲ್ಲೂ ಇದೇ ಎಚ್ಚರ ಬೇಕು. ಓದಲು ಅಕ್ಷರ ಸಿಕ್ಕರೆ ಕನ್ನಡ ಮಾಧ್ಯಮದಿಂದ ಬಂದವರು ಅದನ್ನೇ ನೆಚ್ಚಿಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ, ಅವರು ಇಂಗ್ಲಿಷ್ ಕಲಿತದ್ದೇ ಕಣ್ಣಿನಿಂದ.

ಕನ್ನಡಿಗರ ನಿಜವಾದ ತೊಡಕು ಪದಸಂಪತ್ತಿಗಿಂತ ಹೆಚ್ಚಾಗಿ ಲಯದ್ದು. ಕನ್ನಡದಲ್ಲಿ ಅಕ್ಷರ ಅಕ್ಷರವೂ ಹೆಚ್ಚುಕಡಿಮೆ ಒಂದೇ ತೂಕದಿಂದ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಪದ ಎದ್ದು ನಿಂತು, ಉಳಿದವು ಕುಗ್ಗುತ್ತವೆ. ‘ಡಿಡ್ ಯು’ ಎಂಬುದು ‘ಡಿಜು’ ಆದಾಗ, ಗೊತ್ತಿರುವ ಪದವೇ ಗುರುತು ಸಿಗದೆ ಹೋಗುತ್ತದೆ. ಜಿಲಿಯನ್ ಬ್ರೌನ್ 1977ರಲ್ಲಿ, ಜಾನ್ ಫೀಲ್ಡ್ 2008ರಲ್ಲಿ ಆಡುಮಾತಿನ ಇಂಥ ರೂಪಗಳನ್ನು ಗುರುತಿಸಲು ಪ್ರತ್ಯೇಕವಾಗಿ ಕಲಿಸಬೇಕೆಂದರು. ಐದಾರು ಸೆಕೆಂಡಿನ ಉತ್ತರವನ್ನು ಮತ್ತೆ ಮತ್ತೆ ಕೇಳಿಸಿ ಬರೆಸುವುದು ಇದಕ್ಕೆ ಒಗ್ಗುವ ಅಭ್ಯಾಸ. ಉದ್ದದ ಸಂದರ್ಶನವನ್ನು ಇಡಿಯಾಗಿ ತೋರಿಸುವುದರಲ್ಲಿ ಅರ್ಥವಿಲ್ಲ. ಪಾಲ್ ನೇಷನ್ 2006ರ ಅಧ್ಯಯನದಲ್ಲಿ, ಆಡುಮಾತಿನ ಶೇಕಡಾ 98ರಷ್ಟು ಪದಗಳು ಪರಿಚಿತವಾಗಿರಲು 6,000ದಿಂದ 7,000 ಪದಕುಟುಂಬಗಳು ಬೇಕೆಂದು ಲೆಕ್ಕಹಾಕಿದ್ದರು. ನಮ್ಮ ಪದವಿ ತರಗತಿಗಳ ಬಹುಪಾಲು ವಿದ್ಯಾರ್ಥಿಗಳಿಗೆ ಅದು ದೂರದ ಮಾತು.

ಯಾರ ಇಂಗ್ಲಿಷನ್ನು ಕೇಳಿಸಬೇಕು ಎಂಬುದಕ್ಕೆ ಬಿಬಿಸಿಯೊಂದೇ ಉತ್ತರವಲ್ಲ. ಗಿರೀಶ ಕಾರ್ನಾಡರ ಇಂಗ್ಲಿಷ್ ಸಂದರ್ಶನಗಳೂ ಅನಿಲ್ ಕುಂಬ್ಳೆಯವರವೂ ಸಿಗುತ್ತವೆ. ಅಲ್ಲಿ ಉಚ್ಚಾರಣೆಯ ಭಯ ಕಡಿಮೆ, ವಿಷಯವೂ ಪರಿಚಿತ. ಅಲ್ಲಿಂದ ಆರಂಭಿಸಿ ಹೊರದೇಶದ ದನಿಗಳಿಗೆ ಹೋಗುವುದು ಸರಿಯಾದ ಕ್ರಮ. ನಮ್ಮ ಅನೇಕ ಕಾಲೇಜುಗಳಲ್ಲಿ ಇದು ತಲೆಕೆಳಗಾಗಿದೆ: ಭಾಷಾ ಪ್ರಯೋಗಾಲಯದ ಮೊದಲ ಪಾಠವೇ ಬ್ರಿಟಿಷ್ ಉಚ್ಚಾರಣೆಯದು, ಪರೀಕ್ಷೆಯಲ್ಲಿ ಮಾತ್ರ ಕೇಳಿಸಿಕೊಳ್ಳುವುದಕ್ಕೆ ಅಂಕವೇ ಇರುವುದಿಲ್ಲ.