ಸ್ಟುಡಿಯೊದಲ್ಲಿ ಬೇಸ್ ಗಿಟಾರ್

ಶಂಕರ್ ನಾಗ್ ನಿರ್ದೇಶಿಸಿದ 'ಗೀತಾ' ಚಿತ್ರ ತೆರೆಕಂಡದ್ದು 1981ರಲ್ಲಿ. ಸಂಗೀತ ಇಳಯರಾಜಾ ಅವರದು. ಅದರ ಹಾಡುಗಳನ್ನು ನೀವು ಕೇಳಿಯೇ ಇರುತ್ತೀರಿ. ಗಾಯಕರ ಕಂಠದ ಅಡಿಯಲ್ಲಿ, ತನ್ನದೇ ದಾರಿಯಲ್ಲಿ ನಡೆಯುವ ಒಂದು ಮಂದ್ರ ದನಿಯಿದೆ. ಅದು ವಿದ್ಯುತ್ ಬೇಸ್ ಗಿಟಾರಿನದು. ಕಡೂರು ಸೀಮೆಯ ಚೌಳಹಿರಿಯೂರಿನಂಥ ಊರುಗಳಿಗೆ ಆಗ ಚಿತ್ರಗೀತೆ ತಲುಪುತ್ತಿದ್ದುದು ಮುಖ್ಯವಾಗಿ ಟ್ರಾನ್ಸಿಸ್ಟರ್ ರೇಡಿಯೊ ಮೂಲಕ. ಅಂಗೈಯಗಲದ ಅದರ ಸ್ಪೀಕರು ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನ ದನಿಯನ್ನು ಸರಿಯಾಗಿ ಹೊರಡಿಸಲಾರದು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಆವೃತ್ತಿಯಾದರೋ ಸುಮಾರು 41 ಹರ್ಟ್ಸ್! ಹಾಗಾದರೆ ಅಲ್ಲಿನವರಿಗೆ ಕೇಳಿಸಿದ್ದೇನು? ಉತ್ತರಕ್ಕೆ ಮೊದಲು, ಆ ದನಿಯನ್ನು ಹಿಡಿಯಲು ಎಂಜಿನಿಯರುಗಳು ಪಟ್ಟ ಪಾಡನ್ನು ನೋಡೋಣ.

ಮೊದಲು ಮಂದ್ರಕ್ಕಿದ್ದದ್ದು ಆಳೆತ್ತರದ ಡಬಲ್ ಬೇಸ್. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ 'ಪ್ರಿಸಿಷನ್ ಬೇಸ್' ಮಾರುಕಟ್ಟೆಗೆ ತಂದ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. 1831ರ ಫ್ಯಾರಡೆಯ ಪ್ರಯೋಗವೇ ಇದು, ಬೇರೆ ವೇಷದಲ್ಲಿ.

ವಾದ್ಯ ಸುಲಭವಾಯಿತು, ಮುದ್ರಣ ಆಗಲಿಲ್ಲ. ಆಂಪ್ಲಿಫೈಯರಿನ ಎದುರು ಮೈಕ್ ಇಡುವುದು ರೂಢಿ. ಆದರೆ 41 ಹರ್ಟ್ಸ್ ದನಿಯ ಅಲೆಯುದ್ದ ಎಷ್ಟು? ಶಬ್ದದ ವೇಗ ಸೆಕೆಂಡಿಗೆ 343 ಮೀಟರು. ಭಾಗಿಸಿ ನೋಡಿ, 8 ಮೀಟರಿಗೂ ಮಿಗಿಲು. ಸುಮಾರು 4 ಮೀಟರು ಉದ್ದದ ಕೋಣೆಯಲ್ಲಿ ಸರಿಯಾಗಿ ಅರ್ಧ ಅಲೆ ಹಿಡಿಸಿ ಸ್ಥಾಯಿ ಅಲೆ ಏಳುತ್ತದೆ. ಗೋಡೆಯ ಬಳಿ ಅಬ್ಬರ, ನಡುಮನೆಯಲ್ಲಿ ಮೌನ. ಮೈಕನ್ನು ಎರಡು ಹೆಜ್ಜೆ ಸರಿಸಿದರೆ ವಾದ್ಯವೇ ಬದಲಾದಂತೆ!

1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೊಟೌನ್ ಸ್ಟುಡಿಯೊ ಕೋಣೆಯನ್ನೇ ಬಿಟ್ಟುಕೊಟ್ಟಿತು. ಜೇಮ್ಸ್ ಜೇಮರ್ಸನ್ ನುಡಿಸಿದ ಬೇಸ್, ತಂತಿಯ ಮೂಲಕ ನೇರವಾಗಿ ಧ್ವನಿಮುದ್ರಣದ ಕನ್ಸೋಲಿಗೆ ಹೋಯಿತು. 1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೊದವರು ಇನ್ನೊಂದು ಜಾಣತನ ಮಾಡಿದರು. ಬೀಟಲ್ಸ್ ತಂಡದ 'ಪೇಪರ್‌ಬ್ಯಾಕ್ ರೈಟರ್' ಹಾಡಿಗೆ ಎಂಜಿನಿಯರ್ ಜೆಫ್ ಎಮೆರಿಕ್ ದೊಡ್ಡ ಲೌಡ್‌ಸ್ಪೀಕರನ್ನೇ ಮೈಕಿನಂತೆ ಬಳಸಿದರು. ಸ್ಪೀಕರಿನಲ್ಲೂ ಇರುವುದು ಸುರುಳಿ, ಅಯಸ್ಕಾಂತ ತಾನೆ? ದನಿ ತಗುಲಿದರೆ ಅದೂ ವಿದ್ಯುತ್ ಹುಟ್ಟಿಸಬೇಕು. ತರಗತಿಯಲ್ಲಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ನೇರ ತಂತಿಯ ದನಿ ಸ್ಪಷ್ಟ, ಆದರೆ ಸಪ್ಪೆ. ಮೈಕಿನದು ತುಂಬು ದನಿ. ಆದ್ದರಿಂದ ಎರಡನ್ನೂ ಬೆರೆಸುವ ಪದ್ಧತಿ ಬಂತು. ಇಲ್ಲೂ ಒಂದು ತೊಡಕು. ಮೈಕು ಒಂದಡಿ ದೂರವಿದ್ದರೆ ಅದರ ದನಿ ಸುಮಾರು 0.9 ಮಿಲಿಸೆಕೆಂಡು ತಡವಾಗುತ್ತದೆ. 41 ಹರ್ಟ್ಸ್‌ಗೆ ಇದು ಲೆಕ್ಕಕ್ಕಿಲ್ಲ. 570 ಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ ಅರ್ಧ ಆವರ್ತದಷ್ಟು ವ್ಯತ್ಯಾಸವಾಗಿ ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ.

ಗ್ರಾಮಫೋನ್ ತಟ್ಟೆಗೂ ಮಂದ್ರ ಒಗ್ಗದು. ಗೀರು ಅತ್ತಿತ್ತ ವಿಪರೀತ ಹೊಯ್ದಾಡಿ ಪಕ್ಕದ ಗೀರಿಗೆ ನುಗ್ಗೀತು! ಆದ್ದರಿಂದ 1950ರ ದಶಕದಲ್ಲಿ ರೂಪುಗೊಂಡ ಮಾನಕದಂತೆ 40 ಹರ್ಟ್ಸ್ ದನಿಯನ್ನು, 1000 ಹರ್ಟ್ಸ್‌ಗೆ ಹೋಲಿಸಿದರೆ ಸುಮಾರು 18 ಡೆಸಿಬೆಲ್ ತಗ್ಗಿಸಿ ಕೊರೆದು, ನುಡಿಸುವಾಗ ಅಷ್ಟೇ ಏರಿಸಿಕೊಳ್ಳುತ್ತಾರೆ.

ಕನ್ನಡ ಚಿತ್ರಗೀತೆಗಳು ಬಹುಕಾಲ ಹೆಚ್ಚಾಗಿ ಮುದ್ರಣವಾಗುತ್ತಿದ್ದುದು ಮದ್ರಾಸಿನಲ್ಲಿ. 1980ರ ದಶಕದಲ್ಲಿ ಶಂಕರ್ ನಾಗ್, ಅನಂತ್ ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. ಆದರೆ ಎಲ್ಲಿ ಮುದ್ರಿಸಿದರೂ ಕೊನೆಗೆ ಹಾಡು ಹಾಯಬೇಕಾಗಿದ್ದುದು ಆ ಪುಟ್ಟ ರೇಡಿಯೊದ ಮೂಲಕವೇ.

ಈಗ ಮೊದಲಿನ ಪ್ರಶ್ನೆ. ತಂತಿ 41 ಹರ್ಟ್ಸ್ ಒಂದನ್ನೇ ನುಡಿಯುವುದಿಲ್ಲ. 82, 123, 164, 205 ಹೀಗೆ ಅದರ ಗುಣಕಗಳನ್ನೂ ನುಡಿಯುತ್ತದೆ. ರೇಡಿಯೊ ಕೆಳಗಿನವನ್ನು ನುಂಗಿ ಮೇಲಿನವನ್ನು ಕೊಡುತ್ತದೆ. ಅವುಗಳ ನಡುವಿನ ಸಮಾನ ಅಂತರದಿಂದ ನಮ್ಮ ಶ್ರವಣ ವ್ಯವಸ್ಥೆ ಇಲ್ಲದ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಜರ್ಮನಿಯ ಸೀಬೆಕ್ 1840ರ ದಶಕದಲ್ಲೇ ಸೈರನ್ ಪ್ರಯೋಗಗಳಲ್ಲಿ ಇಂಥದ್ದನ್ನು ಗಮನಿಸಿದ್ದ. ಮೈಕನ್ನು ಒಂದಡಿ ತಪ್ಪಾಗಿ ಇಟ್ಟರೆ ಕಳೆದುಹೋಗುವುದು ಇವೇ ಮೇಲಿನ ಸ್ವರಗಳು ಎಂಬುದನ್ನು ನೆನಪಿಡಿ.

ನೀವೇ ಪರೀಕ್ಷಿಸಬಹುದು. ಕಂಪ್ಯೂಟರಿನಲ್ಲಿ 600, 800, 1000, 1200 ಹರ್ಟ್ಸ್ ದನಿಗಳನ್ನು ಒಟ್ಟಿಗೆ ನುಡಿಸಿ. ಆಮೇಲೆ 200 ಹರ್ಟ್ಸ್ ಒಂದನ್ನೇ ನುಡಿಸಿ. ಎರಡರ ಸ್ಥಾಯಿ ಒಂದೇ ಎನಿಸುವುದೇ ಎಂದು ವಿದ್ಯಾರ್ಥಿಗಳನ್ನು ಕೇಳಿ.