ಅಲ್ಪವಿರಾಮ ಬಂದ ದಾರಿ

ಪಟ್ಟಂದೂರು ಅಗ್ರಹಾರದ ನಮ್ಮ ಮಕ್ಕಳ ಇಂಗ್ಲಿಷ್ ಬರವಣಿಗೆಯ ಬಗ್ಗೆ ಒಂದೇ ದೂರು: ಕಾಮಾ ಇಲ್ಲ, ಫುಲ್‌ಸ್ಟಾಪ್ ಇಲ್ಲ. ಅಜಾಗರೂಕತೆ ಎಂದು ಅಂಕ ಕಳೆಯುತ್ತಾರೆ. ಕನ್ನಡ, ಉರ್ದು ಎರಡನ್ನೂ ಕಲಿಸುವ ನನಗೆ ಹಾಗೆನಿಸುವುದಿಲ್ಲ. ಇದಕ್ಕೊಂದು ಇತಿಹಾಸವಿದೆ.

ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಪದಗಳ ನಡುವೆ ಜಾಗವೇ ಇಲ್ಲ. ಓಲೆಗರಿಗಳಲ್ಲಿ ಪದ್ಯ ಮುಗಿದ ಕಡೆ ಒಂದು ದಂಡ ಎಳೆದರೆ ಆಯಿತು. ಹಾಗಿದ್ದೂ ಓದುಗರು ದಾರಿ ತಪ್ಪಲಿಲ್ಲ, ಏಕೆಂದರೆ ನಮ್ಮ ಚಿಹ್ನೆಗಳು ಪದದೊಳಗೇ ಇವೆ. ‘ನಾಳೆ ರಜೆಯೆಂದು ಮೇಷ್ಟ್ರು ಹೇಳಿದರಾ’ ಎಂಬಲ್ಲಿ ‘ಎಂದು’ ಉದ್ಧರಣ ಚಿಹ್ನೆಯ ಕೆಲಸ ಮಾಡುತ್ತದೆ, ಕೊನೆಯ ‘ಆ’ ಪ್ರಶ್ನಾರ್ಥಕದ ಕೆಲಸ. ಕ್ರಿಯಾಪದ ಬಂದಿತೆಂದರೆ ವಾಕ್ಯ ಮುಗಿಯಿತು. ಉರ್ದುವಿನ ‘ಕ್ಯಾ’, ‘ಕೆ’ ಸಹ ಇದೇ ಜಾತಿಯವು.

ದೂರದ ಕೊರಿಯಾದವರದೂ ಇದೇ ಕಥೆ. ಅವರ ಭಾಷೆಯಲ್ಲೂ ಕ್ರಿಯಾಪದ ಕೊನೆಗೆ; ‘ನಿದಾ’ ಎಂದರೆ ಹೇಳಿಕೆ, ‘ನಿಕ್ಕಾ’ ಎಂದರೆ ಪ್ರಶ್ನೆ. ಪದಗಳ ನಡುವೆ ಜಾಗ ಬಿಟ್ಟು ಅಚ್ಚು ಹಾಕಿದ ಅವರ ಮೊದಲ ಪತ್ರಿಕೆ ‘ದೊಂಗ್ನಿಪ್ ಸಿನ್‌ಮುನ್’ ಹೊರಬಂದದ್ದು 1896ರಲ್ಲಿ. ಇಂಗ್ಲಿಷ್ ಕಲಿಯುವಾಗ ಅವರ ಮಕ್ಕಳೂ ನಮ್ಮ ಮಕ್ಕಳಂತೆ ಕಾಮಾದ ಬಳಿಯೇ ತಡವರಿಸಿದರೆ ಆಶ್ಚರ್ಯವಿಲ್ಲ.

ಯುರೋಪಿನಲ್ಲೂ ಈ ಚಿಹ್ನೆಗಳು ಮೊದಲಿನಿಂದ ಇದ್ದವಲ್ಲ. ಅರ್ಧವಿರಾಮ ಹುಟ್ಟಿದ್ದು 1490ರ ದಶಕದಲ್ಲಿ, ವೆನಿಸ್ ನಗರದ ಆಲ್ಡಸ್ ಮನೂಟಿಯಸ್‌ನ ಅಚ್ಚುಮನೆಯಲ್ಲಿ. ಕನ್ನಡದಲ್ಲಿ ಅವು ನೆಲೆಯೂರಿದ್ದು 19ನೆಯ ಶತಮಾನದ ಅಚ್ಚುಕೂಟಗಳಿಂದ, ಶಾಲಾ ಪುಸ್ತಕಗಳಿಂದ. ಉರ್ದುವಿಗೆ ಇಂಥವು ಬೇಕೆಂದು ವಾದಿಸಿ ಲೇಖನ ಬರೆದವರು ಸರ್ ಸೈಯದ್ ಅಹ್ಮದ್ ಖಾನರು, 1870ರಲ್ಲಿ ತಾವೇ ಆರಂಭಿಸಿದ್ದ ‘ತಹಜೀಬುಲ್ ಅಖ್ಲಾಕ್’ ಪತ್ರಿಕೆಯಲ್ಲಿ. ಬಲದಿಂದ ಎಡಕ್ಕೆ ಬರೆಯುವ ಲಿಪಿಯಾದ್ದರಿಂದ ಉರ್ದುವಿನಲ್ಲಿ ಕಾಮಾ ತಲೆಕೆಳಗಾಯಿತು, ಪ್ರಶ್ನಾರ್ಥಕ ಮುಖ ತಿರುಗಿಸಿತು. ಫುಲ್‌ಸ್ಟಾಪ್ ಒಂದು ಪುಟ್ಟ ಅಡ್ಡಗೆರೆಯಾಯಿತು. ಎರಡೂ ಲಿಪಿಯಲ್ಲಿ ಬರೆಯುವ ಮಗು ಇಂಗ್ಲಿಷಿನಲ್ಲಿ ಕಾಮಾವನ್ನು ತಿರುಗಿಸಿ ಹಾಕಿದರೆ ಹೊಡೆಯಬೇಡಿ! ಮಕ್ತಬ್‌ನಲ್ಲಿ ಕುರ್‌ಆನ್ ಓದುವಾಗ ವಕ್ಫ್ ಚಿಹ್ನೆ ನೋಡಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಅದೇ ಮಗು ತಪ್ಪಿಲ್ಲದೆ ತಿಳಿದಿರುತ್ತದೆ.

ಇಂಗ್ಲಿಷಿಗೆ ‘ಎಂದು’ ಇಲ್ಲ. ‘ದಿ ಬಾಯ್ ಸೆಡ್ ದಿ ಟೀಚರ್ ಈಸ್ ಲೇಟ್’ ಎಂದು ಬರೆದರೆ ತಡವಾದವರು ಮೇಷ್ಟ್ರು. ‘ಬಾಯ್’ ಆದ ಮೇಲೊಂದು, ‘ಟೀಚರ್’ ಆದ ಮೇಲೊಂದು ಕಾಮಾ ಇಟ್ಟರೆ ತಡವಾದವನು ಹುಡುಗ! ಇದನ್ನು ಬೋರ್ಡಿನ ಮೇಲೆ ಬರೆದ ದಿನ ತರಗತಿಯಿಡೀ ನಕ್ಕಿತು. ಅಂದಿನಿಂದ ಮೊದಲು ಕನ್ನಡ ವಾಕ್ಯ ಬರೆಸಿ, ‘ಎಂದು’, ‘ಆ’, ‘ಊ’ಗಳಿಗೆ ಸುತ್ತು ಹಾಕಿಸುತ್ತೇನೆ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿ ಸುತ್ತಿಗೂ ಚಿಹ್ನೆ ಬೇಕೇ, ಯಾವುದು ಎಂದು ಮಕ್ಕಳೇ ಹುಡುಕುತ್ತಾರೆ.